ಬೆಲೆ ಯಾಕೆ ಇಳಿದಿದೆ? ಅಂಜನಾಪುರದಲ್ಲಿ ಜಾಗ ಹುಡುಕುವ ಹೊಸಬರಿಗೆ

ಕನಕಪುರ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿ ಎಡಕ್ಕೆ ತಿರುಗಿದರೆ ಅಂಜನಾಪುರ. ಉತ್ತರಹಳ್ಳಿ ಹೋಬಳಿಯ ಒಂದು ಹಳ್ಳಿಯಾಗಿದ್ದ ಇದು ಈ ಶತಮಾನದ ಆರಂಭದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆಯಾಯಿತು. 2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಚಾಚಿಕೊಂಡ ಮೇಲೆ ಈ ಭಾಗದ ಖಾಲಿ ಜಾಗಗಳ ಮೇಲೆ ಎಲ್ಲರ ಕಣ್ಣು ಬಿದ್ದಿದೆ. ಜಯನಗರ, ಬನಶಂಕರಿಗಳಲ್ಲಿ ಸೈಟು ಕೊಳ್ಳಲಾಗದವರು, ನಿವೃತ್ತಿಯ ಹಣವನ್ನೋ ಊರಿನ ಜಮೀನು ಮಾರಿದ ದುಡ್ಡನ್ನೋ ಇಟ್ಟುಕೊಂಡು, ಇಲ್ಲೊಂದು ಜಾಗ ಕೊಂಡು ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಡೋಣ ಅಥವಾ ಮಾರೋಣ ಎಂದು ಯೋಚಿಸುತ್ತಾರೆ. ಯೋಚನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಹುಡುಕಾಟ ಶುರುವಾಗುವುದು ಸಾಮಾನ್ಯವಾಗಿ ಬೆಲೆಯಿಂದ. ‘ಚದರ ಅಡಿಗೆ ಎಷ್ಟು?’ ಎಂಬ ಪ್ರಶ್ನೆಗೆ ಕಡಿಮೆ ಉತ್ತರ ಸಿಕ್ಕ ಕಡೆಗೆ ಕಾಲು ಎಳೆಯುತ್ತದೆ. ಮೊದಲು ಕೇಳಬೇಕಾದದ್ದು ಬೇರೆ: ಪಕ್ಕದ ಜಾಗಕ್ಕಿಂತ ಇದರ ಬೆಲೆ ಯಾಕೆ ಇಳಿದಿದೆ?

ಬೆಂಗಳೂರಿನಂಥ ಊರಲ್ಲಿ ಜಾಗದ ಬೆಲೆ ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ದಲ್ಲಾಳಿಗೂ ಗೊತ್ತು, ಮಾಲೀಕನಿಗೂ ಗೊತ್ತು, ಬೀದಿಯ ಕೊನೆಯ ಕಿರಾಣಿ ಅಂಗಡಿಯವರಿಗೂ ಗೊತ್ತು. ಹಾಗಿದ್ದೂ ಒಂದು ಸೈಟು ಅಗ್ಗಕ್ಕೆ ಸಿಗುತ್ತಿದೆ ಎಂದರೆ ಅದರೊಳಗೆ ಯಾವುದೋ ಒಂದು ಪ್ರಶ್ನೆ ಬಗೆಹರಿಯದೆ ಉಳಿದಿದೆ ಎಂದೇ ತಿಳಿಯಬೇಕು. ಆ ಪ್ರಶ್ನೆ ಎರಡು ಬಗೆಯದಾಗಿರಬಹುದು. ಕೆಲವನ್ನು ತಾಳ್ಮೆ, ಓಡಾಟ, ಸ್ವಲ್ಪ ಖರ್ಚಿನಿಂದ ಬಗೆಹರಿಸಬಹುದು. ಹಾಗೆ ಬಗೆಹರಿಸಿದವನಿಗೆ ಸಿಗುವ ಪ್ರತಿಫಲವೇ ಲಾಭ. ಇನ್ನು ಕೆಲವನ್ನು ಕೊಳ್ಳುವವನು ಎಷ್ಟು ಹಣ ಸುರಿದರೂ ಬಗೆಹರಿಸಲಾಗದು. ಜಾಗ ಹುಡುಕುವ ಕಲೆಯೆಂದರೆ ಈ ಎರಡನ್ನೂ ಬೇರ್ಪಡಿಸುವ ಕಲೆ. ಮಿಕ್ಕದ್ದೆಲ್ಲ, ಪೂರ್ವಾಭಿಮುಖ, ಮೂಲೆ ಸೈಟು, ಮೆಟ್ರೊಗೆ ಐದು ನಿಮಿಷ, ಆಮೇಲಿನ ಮಾತು.

ಬಗೆಹರಿಯದ ಪ್ರಶ್ನೆಗಳಲ್ಲಿ ಮೊದಲನೆಯದು ನೀರು. ಬೆಂಗಳೂರು ದಕ್ಷಿಣದ ಈ ಭಾಗವೆಲ್ಲ ಕೆರೆಗಳ ಸೀಮೆ: ಆಲಹಳ್ಳಿ, ಗೊಟ್ಟಿಗೆರೆ, ಹುಳಿಮಾವು ಎಲ್ಲೆಲ್ಲೂ ಕೆರೆ, ಕೆರೆಯಿಂದ ಕೆರೆಗೆ ರಾಜಕಾಲುವೆ. 2016ರ ಆಗಸ್ಟ್‌ನಲ್ಲಿ ಬಿಬಿಎಂಪಿ ರಾಜಕಾಲುವೆ ಒತ್ತುವರಿ ತೆರವು ಮಾಡಿದಾಗ ದೊಡ್ಡಕಮ್ಮನಹಳ್ಳಿ ಕಡೆಯ ಅವನಿ ಶೃಂಗೇರಿ ನಗರದಲ್ಲಿ ಜನ ವಾಸವಿದ್ದ ಮನೆಗಳೇ ಜೆಸಿಬಿಗೆ ಸಿಕ್ಕವು. ಅಲ್ಲಿನವರ ಕೈಯಲ್ಲಿ ನೋಂದಾಯಿತ ಕ್ರಯಪತ್ರ, ಬ್ಯಾಂಕ್ ಸಾಲದ ದಾಖಲೆಗಳಿದ್ದವು. ಕಾಗದ ಇದ್ದರೆ ಸಾಕು, ಬ್ಯಾಂಕು ಸಾಲ ಕೊಟ್ಟಿದೆ ಎಂದರೆ ಎಲ್ಲ ಸರಿ ಇದೆ ಎಂದರ್ಥ ಎಂಬ ನಂಬಿಕೆಗೆ ಅಂದು ಬಿದ್ದ ಪೆಟ್ಟು ಸಣ್ಣದಲ್ಲ. ಮೂರು ವರ್ಷದ ನಂತರ, 2019ರ ನವೆಂಬರ್‌ನಲ್ಲಿ, ಹುಳಿಮಾವು ಕೆರೆಯ ಏರಿ ಒಡೆದು ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಪರಿಷ್ಕೃತ ಮಹಾಯೋಜನೆ-2015ರ ಪ್ರಕಾರ ಕೆರೆಗೆ 30 ಮೀಟರ್, ಪ್ರಾಥಮಿಕ ರಾಜಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಮೀಸಲು ವಲಯ ಬಿಡಬೇಕು. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಮೀಸಲನ್ನು 75 ಮೀಟರ್‌ಗೆ ಏರಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಳತೆ ಹೀಗೆ ಏರಿಳಿಯಬಹುದು, ಆದರೆ ನೀರಿನ ದಾರಿ ಬದಲಾಗದು. ಜಾಗದಲ್ಲಿ ನಿಂತು ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದರೆ ಕಾಲಡಿಯ ಸರ್ವೆ ನಂಬರ್ ಸಿಗುತ್ತದೆ. ಆ ನಂಬರನ್ನು ಹಳೆಯ ಗ್ರಾಮ ನಕ್ಷೆಯ ಮೇಲೆ ಹುಡುಕಿ ಹಳ್ಳ, ಕೆರೆ ಅಂಗಳ, ಬಂಡಿದಾರಿ ಎಲ್ಲೆಲ್ಲಿ ಇದೆಯೆಂದು ನೋಡಬೇಕು. ಇದಕ್ಕೆ ವಕೀಲರೂ ಬೇಡ, ದಲ್ಲಾಳಿಯೂ ಬೇಡ. ದುಬಾರಿ ತಪ್ಪಿನಿಂದ ಇಷ್ಟು ಕಡಿಮೆ ಖರ್ಚಿನಲ್ಲಿ ಕಾಪಾಡುವ ಇನ್ನೊಂದು ಉಪಾಯ ಇಲ್ಲ.

ಎರಡನೆಯದು ಜಮೀನು ಯಾರದಾಗಿತ್ತು ಎಂಬುದು. ಇಂದಿನ ಸೈಟು ನಿನ್ನೆಯ ಹೊಲ. ಆ ಹೊಲ ಸರ್ಕಾರ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟವೂ ಅದರ ಮೇಲೆ ಕಟ್ಟಿಕೊಂಡ ಎಲ್ಲ ಮಾರಾಟಗಳೂ ಬಿದ್ದುಹೋಗಬಹುದು. ಇಷ್ಟು ವರ್ಷ ಆಯಿತಲ್ಲ ಎಂಬ ವಾದಕ್ಕೆ ಜಾಗ ಕೊಡದಂತೆ 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯನ್ನೂ ತಂದಿದ್ದಾರೆ. ಈ ಕಾನೂನು ಕೊಳ್ಳುವವನಿಗೆ ಕಷ್ಟ ಎನಿಸಬಹುದು. ಆದರೆ ಬಡವರಿಗೆ ಸಿಕ್ಕ ತುಂಡು ನೆಲ ಅಡ್ಡದಾರಿಯಲ್ಲಿ ಕೈಬಿಟ್ಟುಹೋದ ದೀರ್ಘ ಇತಿಹಾಸ ಅದರ ಹಿಂದಿದೆ, ಅದನ್ನು ಗೌರವಿಸಲೇಬೇಕು. ಆದ್ದರಿಂದ ಸಾಗುವಳಿ ಚೀಟಿ, ಮಂಜೂರಾತಿ ಷರತ್ತು, ಹಳೆಯ ಕೈಬರಹದ ಪಹಣಿಗಳ ತನಕ ಹಿಂದಕ್ಕೆ ಹೋಗಬೇಕು. ಹಾಗೆಯೇ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಕಾಣದಿದ್ದರೆ ಅಲ್ಲೇ ನಿಲ್ಲಬೇಕು. ಕರ್ನಾಟಕ 1994ರಲ್ಲೇ, ಕೇಂದ್ರ 2005ರಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ವಿನೀತಾ ಶರ್ಮಾ ತೀರ್ಪು 2005ರಲ್ಲಿ ತಂದೆ ಬದುಕಿದ್ದನೋ ಇಲ್ಲವೋ ಎಂಬ ಗೊಂದಲಕ್ಕೂ ಉತ್ತರ ಕೊಟ್ಟಿತು. ಸಹಿ ಹಾಕದ ಅಕ್ಕನೋ ತಂಗಿಯೋ ಹಕ್ಕು ಕೇಳಿದರೆ ನ್ಯಾಯ ಆಕೆಯ ಪರವಾಗಿರುತ್ತದೆ. ಬರೀ ಸಾಮಾನ್ಯ ಅಧಿಕಾರ ಪತ್ರದ (ಜಿಪಿಎ) ಮೇಲೆ ಮಾರಾಟವಾದ ಸೈಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಇಷ್ಟೆಲ್ಲ ತಲೆನೋವು ಯಾಕೆ, ಬಿಡಿಎ ಸೈಟನ್ನೇ ಕೊಂಡರೆ ಆಯಿತಲ್ಲ ಎನ್ನಬಹುದು. ಒಳ್ಳೆಯ ಮಾತೇ. ಬಿಡಿಎ ಹಂಚಿದ ನಿವೇಶನದ ಮೂಲ ಸ್ಪಷ್ಟವಾಗಿರುತ್ತದೆ, ಪ್ರಾಧಿಕಾರ ಮೂಲೆ ನಿವೇಶನಗಳನ್ನು ಆಗಾಗ ಇ-ಹರಾಜಿಗೂ ಇಡುತ್ತದೆ. ಆದರೆ ಅಲ್ಲಿ ಕಾಲವೇ ಒಂದು ಬೆಲೆ. ಅಂಜನಾಪುರದಲ್ಲಿ ಸೈಟು ಪಡೆದವರು ಸರಿಯಾದ ರಸ್ತೆ, ಕಾವೇರಿ ನೀರು, ಒಳಚರಂಡಿಗಾಗಿ ವರ್ಷಗಟ್ಟಲೆ ಕಾದರು. ಅರ್ಕಾವತಿ ಬಡಾವಣೆಯ ಕತೆ ಇನ್ನೂ ಕಠಿಣ: 2004ರಲ್ಲಿ 16 ಹಳ್ಳಿಗಳಲ್ಲಿ 2,750 ಎಕರೆಗೆ ಅಂತಿಮ ಅಧಿಸೂಚನೆ ಹೊರಟು, 2010ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ, ಹಣ ಕಟ್ಟಿದ ಎಷ್ಟೋ ಮಂದಿ ನಿವೇಶನಕ್ಕಾಗಿ ದಶಕಕ್ಕೂ ಹೆಚ್ಚು ಕಾಲ ಅಲೆದರು. ಸಾಲ ಮಾಡಿ ಕೊಂಡವನಿಗೆ ಹೀಗೆ ಕಾಯುವ ಪ್ರತಿ ವರ್ಷವೂ ಬಡ್ಡಿಯ ರೂಪದಲ್ಲಿ ಬೆಲೆಗೆ ಸೇರುತ್ತದೆ. ಅಷ್ಟೇ ಅಲ್ಲ, ಬಿಡಿಎ ಬಡಾವಣೆಗಳ ನಡುನಡುವೆ ಸ್ವಾಧೀನವಾಗದೆ ಉಳಿದ ತುಂಡು ಜಮೀನುಗಳಿರುತ್ತವೆ. ಅಕ್ಕಪಕ್ಕದ ಎರಡು ಸೈಟುಗಳಲ್ಲಿ ಒಂದು ಬಿಡಿಎದು, ಇನ್ನೊಂದು ರೆವಿನ್ಯೂ ಸೈಟು, ಅಂದರೆ ಬಡಾವಣೆ ಮಂಜೂರಾತಿ ಇಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ ಸೈಟು, ಆಗಿರುವುದು ಕಣ್ಣಿಗೆ ಕಾಣುವುದಿಲ್ಲ. ಕ್ರಯಪತ್ರದಲ್ಲಿನ ಚಕ್ಕುಬಂದಿ (ನಾಲ್ಕು ಗಡಿಗಳ ವಿವರ) ಓದಿದಾಗಲೇ ತಿಳಿಯುವುದು.

ಇನ್ನು ಲೆಕ್ಕ. 30×40ರ ಸೈಟು ಎಂದರೆ 1,200 ಚದರ ಅಡಿ. ಮಹಾಯೋಜನೆಯಲ್ಲಿ 40 ಅಡಿವರೆಗಿನ ರಸ್ತೆಯ ಸಣ್ಣ ನಿವೇಶನಕ್ಕೆ ಎಫ್‌ಎಆರ್, ಅಂದರೆ ನೆಲದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ, 1.75. ಹಾಗಾದರೆ ಕಟ್ಟಲು ಸಿಗುವುದು 2,100 ಚದರ ಅಡಿ. ಆದರೆ ಸುತ್ತ ನೋಡಿದರೆ ಅಷ್ಟೇ ಜಾಗದಲ್ಲಿ ನಾಲ್ಕು, ಐದು ಅಂತಸ್ತು ಎದ್ದಿರುತ್ತದೆ. ಮಾರುವವನು ಕೇಳುವ ಬೆಲೆ ಆ ಅಕ್ರಮ ಅಂತಸ್ತುಗಳ ಬಾಡಿಗೆಯನ್ನೂ ಸೇರಿಸಿಕೊಂಡ ಬೆಲೆ. ಹೊಸಬರು ಜಾರಿಬೀಳುವುದು ಹೆಚ್ಚಾಗಿ ಇಲ್ಲಿಯೇ: ನಿಯಮದ ಪ್ರಕಾರ ಕಟ್ಟಿದರೆ ಲೆಕ್ಕ ಕೂಡುವುದಿಲ್ಲ, ಕೂಡಿಸಲು ಹೋದರೆ ನಿಯಮ ಮುರಿಯಬೇಕು. ಕೋಟಿ ರೂಪಾಯಿಯ ಖರೀದಿಗೆ ಮುದ್ರಾಂಕ, ಸೆಸ್, ಮೇಲ್ತೆರಿಗೆ, 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ಏಳೂವರೆ ಲಕ್ಷ ದಾಟುತ್ತದೆ. ಅದನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ಒಂದು ಎಕರೆ ಕೊಂಡು ಲೇಔಟ್ ಮಾಡುತ್ತೇನೆ ಎನ್ನುವವರಿಗೂ ಇದೇ ಮಾತು. ಎಕರೆಗೆ 43,560 ಚದರ ಅಡಿ ನಿಜ, ಆದರೆ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಬಿಟ್ಟ ಮೇಲೆ ಮಾರಲು ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಹೆಚ್ಚುಕಡಿಮೆ ಇಪ್ಪತ್ತು ಸೈಟು. ಜತೆಗೆ ಭೂ ಪರಿವರ್ತನೆ, ನಕ್ಷೆ ಮಂಜೂರಾತಿ, 500 ಚದರ ಮೀಟರ್ ಮೀರಿದರೆ ರೇರಾ ನೋಂದಣಿ. ಮೊದಲ ಸಲಕ್ಕೆ ಇದು ಹೊರಲಾಗದ ಭಾರ.

ಇಷ್ಟೆಲ್ಲ ಎಚ್ಚರಿಕೆಗೆ ಬರುವ ಬಲವಾದ ಆಕ್ಷೇಪ ಒಂದಿದೆ. ಬೆಂಗಳೂರಿನ ಅರ್ಧ ಊರು ರೆವಿನ್ಯೂ ಸೈಟಿನ ಮೇಲೆ ನಿಂತಿದೆ, ಕೊಂಡವರು ಉದ್ಧಾರವಾಗಿದ್ದಾರೆ, ಸರ್ಕಾರ ಇವತ್ತಲ್ಲ ನಾಳೆ ಸಕ್ರಮ ಮಾಡಿಯೇ ಮಾಡುತ್ತದೆ ಎಂಬುದು. ಇದರಲ್ಲಿ ಸತ್ಯಾಂಶ ಇದೆ. ಇಂಥ ಸೈಟುಗಳ ಬಿ ಖಾತೆಯನ್ನು ಪೂರ್ಣ ಮಾನ್ಯತೆಯ ಎ ಖಾತೆ ಮಾಡುವ ಅವಕಾಶವನ್ನು 2025ರಲ್ಲಿ ಸರ್ಕಾರ ಕೊಟ್ಟಿದೆ ಕೂಡ. ಆದರೆ ಸ್ವಂತ ವಾಸಕ್ಕೆ ಮನೆ ಕಟ್ಟಿದ ಕುಟುಂಬ ಇಪ್ಪತ್ತು ವರ್ಷ ಕಾಯಬಲ್ಲದು. ಮಾರಲೆಂದು ಕಟ್ಟಿದವನು ಎರಡು ವರ್ಷವೂ ಕಾಯಲಾರ. ಅಕ್ರಮ ಕಟ್ಟಡಗಳನ್ನು ಸಕ್ರಮಗೊಳಿಸುವ ‘ಅಕ್ರಮ-ಸಕ್ರಮ’ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು, 2024ರ ಡಿಸೆಂಬರ್‌ನಲ್ಲಿ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್, ಬ್ಯಾಂಕ್ ಸಾಲ ಕೊಡಬಾರದೆಂದು ಹೇಳಿದ್ದು, ಬೆಂಗಳೂರಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದದ್ದು, ಎಲ್ಲವೂ ಒಂದೇ ದಿಕ್ಕಿನಲ್ಲಿ ಸಾಗುತ್ತಿವೆ. ಹಿಂದಿನವರಿಗೆ ದಕ್ಕಿದ್ದು ನಮಗೂ ದಕ್ಕೀತು ಎಂದು ನಂಬಿ ಜೀವಮಾನದ ಉಳಿತಾಯ ಹಾಕುವುದು ಸರಿಯಲ್ಲ. ಇಷ್ಟು ವಿಚಾರಿಸುವಷ್ಟರಲ್ಲಿ ಜಾಗ ಬೇರೆಯವರ ಪಾಲಾಗುತ್ತದೆ ಎಂಬ ಇನ್ನೊಂದು ಮಾತೂ ಇದೆ. ಆಗಲಿ. ಟೋಕನ್ ಅಡ್ವಾನ್ಸ್‌ಗೆ ಅವಸರಪಡಿಸುವ ಮಾರಾಟಗಾರನ ಜಾಗ ಕೈತಪ್ಪಿದರೆ ನಷ್ಟವಾಗುವುದು ತೀರ ಅಪರೂಪ.

ಹಾಗಾದರೆ ಹೊಸಬರು ಎಲ್ಲಿ ಹುಡುಕಬೇಕು? ಬಗೆಹರಿಸಬಹುದಾದ ಪ್ರಶ್ನೆಗಳಿರುವ ಕಡೆ. ಅಂಜನಾಪುರದಂಥ ಬಡಾವಣೆಯಲ್ಲಿ ಎರಡು ದಶಕದ ಹಿಂದೆ ಸೈಟು ಪಡೆದವರಲ್ಲಿ ಎಷ್ಟೋ ಮಂದಿ ಈಗ ವಯಸ್ಸಾದವರು. ಮಕ್ಕಳು ಬೇರೆ ಊರಿನಲ್ಲೋ ವಿದೇಶದಲ್ಲೋ ಇದ್ದಾರೆ. ಬೇಲಿ ಬಿದ್ದು ಪಾರ್ಥೇನಿಯಂ ಬೆಳೆದ ಸೈಟು, ಮಾಲೀಕ ತೀರಿಕೊಂಡು ಖಾತೆ ಬದಲಾಗದ ಸೈಟು, ಮೂಲೆ ಮುರಿದು ಆಕಾರ ಸೊಟ್ಟಗಿರುವ ಸೈಟು, ಹಳೆಯ ಶೀಟಿನ ಮನೆ ನಿಂತ ಸೈಟು, ಇವುಗಳ ಬೆಲೆ ಇಳಿದಿರುವುದು ನಿಜವಾದ ದೋಷದಿಂದಲ್ಲ, ಯಾರೂ ಓಡಾಡಲು ತಯಾರಿಲ್ಲದ್ದರಿಂದ. ಪೌತಿ ಖಾತೆ ಮಾಡಿಸಬಹುದು, ವಾರಸುದಾರರೆಲ್ಲರ ಸಹಿ ಪಡೆಯಬಹುದು, ಸೊಟ್ಟ ಜಾಗಕ್ಕೆ ಒಳ್ಳೆಯ ವಾಸ್ತುಶಿಲ್ಪಿ ಉತ್ತರ ಹುಡುಕಬಹುದು. ಒಂದೇ ಬಡಾವಣೆಯನ್ನು ಆರಿಸಿಕೊಂಡು ಬೀದಿ ಬೀದಿ ನಡೆದು, ಖಾಲಿ ಸೈಟುಗಳ ನಂಬರ್ ಬರೆದುಕೊಂಡು, ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ ಮಾಲೀಕರನ್ನು ತಲುಪುವುದು ಇಡೀ ನಗರದ ಜಾಹೀರಾತುಗಳ ಹಿಂದೆ ಅಲೆಯುವುದಕ್ಕಿಂತ ಫಲಕಾರಿ. ಕೊಳ್ಳುವಷ್ಟು ಹಣವಿಲ್ಲದಿದ್ದರೆ ಮಾಲೀಕರೊಂದಿಗೆ ಜಂಟಿ ಅಭಿವೃದ್ಧಿ ಒಪ್ಪಂದಕ್ಕೂ ಇಂಥ ಜಾಗಗಳೇ ಸೂಕ್ತ. ಹಿರಿಯರಿಗೆ ಒಂದು ಮನೆ ಉಳಿಯುತ್ತದೆ, ಕಟ್ಟುವವನಿಗೆ ನೆಲದ ಪೂರ್ತಿ ಹಣ ಮೊದಲೇ ಹಾಕುವ ಹೊರೆ ತಪ್ಪುತ್ತದೆ. ಮಾತು ಕುದುರಿದ ಮೇಲೆ ಸರ್ವೆಯವರಿಂದ ಅಳತೆ ಮಾಡಿಸಿ, ವಕೀಲರ ಮೂಲಕ ಪತ್ರಿಕೆಯಲ್ಲಿ ಆಕ್ಷೇಪಣೆ ಕರೆದು, ಕ್ರಯದ ಕರಾರನ್ನು ನೋಂದಣಿ ಮಾಡಿಸಬೇಕು. ಖಾತೆ ಮಾರುವವರ ಹೆಸರಿಗೆ ಬಂದ ಮೇಲೆಯೇ ಬಾಕಿ ಹಣ ಎಂಬ ಷರತ್ತು ಆ ಕರಾರಿನಲ್ಲಿ ಇರಬೇಕು. ವಿದೇಶದಲ್ಲಿರುವ ಮಕ್ಕಳ ಅಧಿಕಾರ ಪತ್ರ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕೃತವಾಗಿರಬೇಕು, ಇಲ್ಲಿ ಅದಕ್ಕೆ ಮುದ್ರಾಂಕ ಶುಲ್ಕವೂ ಸಂದಾಯವಾಗಿರಬೇಕು.