ಬಿಸಿಲನಾಡಿನಲ್ಲಿ ಟ್ರಾನ್ಸಿಸ್ಟರ್ ಪಾಠ

ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಸಂಕ್ರಾಂತಿಯ ಮೈಲಾರಲಿಂಗನ ಜಾತ್ರೆ, ಸುರಪುರದ ಕಡೆ ತಿಂಥಣಿ ಮೌನೇಶ್ವರರ ಜಾತ್ರೆ, ಶಹಾಪುರದ ಓಣಿಯಲ್ಲಿ ಮದುವೆ. ಯಾವುದೇ ಇರಲಿ, ಮೈಕ್ ಸೆಟ್ ಬೇಕೇ ಬೇಕು. ಮೈಕಿನಿಂದ ಹೊರಡುವ ಸಂಕೇತ ಕೆಲವೇ ಮಿಲಿವೋಲ್ಟ್. ಊರಿಗೆಲ್ಲ ಕೇಳುವಂತೆ ಹಾರ್ನ್ ಮೊಳಗಲು ಹತ್ತಾರು ವೋಲ್ಟ್ ಬೇಕು. ಈ ಅಂತರವನ್ನು ತುಂಬುವುದು ಆಂಪ್ಲಿಫೈಯರ್. ಅದರ ಜೀವಾಳ, ಮೂರು ಕಾಲಿನ ಟ್ರಾನ್ಸಿಸ್ಟರ್.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟೈನ್ ಮೊದಲ ಟ್ರಾನ್ಸಿಸ್ಟರ್ ರೂಪಿಸಿದರು. ಶಾಕ್ಲಿ ಜೊತೆ ಅವರಿಗೆ 1956ರಲ್ಲಿ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಬಿಇಎಲ್ 1962ರಲ್ಲೇ ಜರ್ಮೇನಿಯಂ ಬಿಡಿಭಾಗಗಳ ತಯಾರಿಕೆ ಆರಂಭಿಸಿತು. 1966ರಲ್ಲಿ ಕಲಬುರಗಿ ಆಕಾಶವಾಣಿ ಶುರುವಾದ ಮೇಲೆ ಅದರ ದನಿಯನ್ನು ಈ ಭಾಗದ ಹೊಲ, ಹೋಟೆಲು, ಕಟ್ಟೆಗಳಿಗೆ ತಂದದ್ದು ಟ್ರಾನ್ಸಿಸ್ಟರ್ ರೇಡಿಯೊಗಳೇ.

ಟ್ರಾನ್ಸಿಸ್ಟರಿನ ಕಾಲುಗಳ ಹೆಸರು ಎಮಿಟರ್, ಬೇಸ್, ಕಲೆಕ್ಟರ್. ಬೇಸಿಗೆ ಹರಿಸುವ ಅತ್ಯಲ್ಪ ವಿದ್ಯುತ್ತು ಕಲೆಕ್ಟರಿನ ದೊಡ್ಡ ಹರಿವನ್ನು ಹತೋಟಿಯಲ್ಲಿಡುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಗೇಟನ್ನು ಒಬ್ಬನೇ ತಿರುಗಿಸಿದರೂ ಸುರಪುರ, ಶಹಾಪುರದ ಗದ್ದೆಗಳಿಗೆ ನೀರು ನುಗ್ಗುತ್ತದೆ. ಆದರೆ ನೀರು ಬರುವುದು ಜಲಾಶಯದಿಂದ, ಗೇಟಿನಿಂದಲ್ಲ. ಹಾಗೆಯೇ ಆಂಪ್ಲಿಫೈಯರಿನ ಶಕ್ತಿ ಬರುವುದು ಬ್ಯಾಟರಿಯಿಂದ ಅಥವಾ ಕರೆಂಟಿನಿಂದ.

ಬಿಸಿ 547 ಎಂಬ ಅಗ್ಗದ ಟ್ರಾನ್ಸಿಸ್ಟರ್ ತೆಗೆದುಕೊಳ್ಳಿ. 12 ವೋಲ್ಟ್ ಸರಬರಾಜಿನಿಂದ ಬೇಸಿಗೆ 47 ಕಿಲೋಓಮ್, ಬೇಸಿನಿಂದ ಗ್ರೌಂಡಿಗೆ 10 ಕಿಲೋಓಮ್, ಕಲೆಕ್ಟರಿಗೆ 3.9 ಕಿಲೋಓಮ್, ಎಮಿಟರಿಗೆ 1 ಕಿಲೋಓಮ್ ರೆಸಿಸ್ಟರ್ ಹಾಕಿ. ಬೇಸಿನಲ್ಲಿ ಸುಮಾರು 2 ವೋಲ್ಟ್, ಎಮಿಟರಿನಲ್ಲಿ ಅದಕ್ಕಿಂತ 0.6–0.7 ಕಡಿಮೆ, ಕಲೆಕ್ಟರಿನಲ್ಲಿ 6ರ ಆಸುಪಾಸು ಕಾಣುತ್ತದೆ. ಹೀಗೆ ಮೊದಲೇ ಹದ ಮಾಡಿಡುವುದಕ್ಕೆ ಬಯಾಸ್ ಎನ್ನುತ್ತಾರೆ. ಕಲೆಕ್ಟರ್ ನಡುಮಟ್ಟದಲ್ಲಿದ್ದರೆ ಸಂಕೇತಕ್ಕೆ ಏರಲೂ ಇಳಿಯಲೂ ಜಾಗವಿರುತ್ತದೆ. ವಾಲ್ಯೂಮ್ ಮಿತಿಮೀರಿದರೆ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ. ಜಾತ್ರೆಯ ಮೈಕಿನಲ್ಲಿ ದನಿ ಒಡೆಯುವುದು ಹೀಗೆ. ಇಷ್ಟರಲ್ಲಿ ವರ್ಧನೆ ಸುಮಾರು ನಾಲ್ಕು ಪಟ್ಟು ಮಾತ್ರ. ಎಮಿಟರ್ ರೆಸಿಸ್ಟರಿಗೆ ಸಮಾಂತರವಾಗಿ ದೊಡ್ಡ ಕೆಪಾಸಿಟರ್ ಜೋಡಿಸಿದರೆ ಅದು ಇನ್ನೂರರ ಹತ್ತಿರಕ್ಕೆ ಏರುತ್ತದೆ.

ಎಮಿಟರ್ ರೆಸಿಸ್ಟರ್ ವರ್ಧನೆಯನ್ನು ತಗ್ಗಿಸುತ್ತದೆ ಎಂದು ಅದನ್ನು ತೆಗೆದುಹಾಕಬಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗೆ ಅದೇ ರಕ್ಷಣೆ. ಸಿಲಿಕಾನ್ ಟ್ರಾನ್ಸಿಸ್ಟರ್ ಒಂದು ಡಿಗ್ರಿ ಕಾದರೆ ಬೇಸ್‌ಗೆ ಬೇಕಾದ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಹರಿವು ಹೆಚ್ಚುತ್ತದೆ, ಹರಿವಿನಿಂದ ಬಿಸಿ, ಬಿಸಿಯಿಂದ ಮತ್ತಷ್ಟು ಹರಿವು. ತಡೆಯದಿದ್ದರೆ ಟ್ರಾನ್ಸಿಸ್ಟರ್ ಸುಟ್ಟೇ ಹೋಗಬಹುದು. ಹರಿವು ಹೆಚ್ಚಿದೊಡನೆ ಎಮಿಟರ್ ರೆಸಿಸ್ಟರ್ ತನ್ನ ವೋಲ್ಟೇಜ್ ಏರಿಸಿಕೊಂಡು ಅದನ್ನು ತಾನಾಗಿ ಹಿಂದಕ್ಕೆ ಎಳೆಯುತ್ತದೆ. ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್ ಬಿಸಿಗೆ ಬೇಗ ಸೋಲುತ್ತಿತ್ತು. ಸಿಲಿಕಾನ್ ಗೆದ್ದದ್ದಕ್ಕೆ ಇದೂ ಒಂದು ಕಾರಣ. ಹಾರ್ನಿಗೆ ಬಲ ಕೊಡುವ 2ಎನ್3055ರಂಥ ದೊಡ್ಡ ಟ್ರಾನ್ಸಿಸ್ಟರುಗಳಿಗಂತೂ ಅಲ್ಯೂಮಿನಿಯಂ ಹೀಟ್ ಸಿಂಕ್, ನಡುವೆ ಮೈಕಾ ಹಾಳೆ, ಬಿಳಿ ಪೇಸ್ಟ್ ಬೇಕೇ ಬೇಕು. ಮೈಕ್ ಸೆಟ್ಟನ್ನು ನೆರಳಲ್ಲಿಟ್ಟು, ಗಾಳಿಕಿಂಡಿಗೆ ಬಟ್ಟೆ ಮುಚ್ಚದಿದ್ದರೆ ಅದರ ಆಯುಷ್ಯ ಹೆಚ್ಚುತ್ತದೆ.

ಈ ಸರ್ಕೀಟಿಗೆ ಬೇಕಿರುವುದು ಒಂದು ಬ್ರೆಡ್‌ಬೋರ್ಡ್, ಬೆರಳೆಣಿಕೆಯ ಬಿಡಿಭಾಗ, ಒಂದು ಮಲ್ಟಿಮೀಟರ್. ಯಾದಗಿರಿ, ಶಹಾಪುರ, ಸುರಪುರದ ಶಾಲೆ, ಐಟಿಐಗಳ ಶಿಕ್ಷಕರು ಇದನ್ನು ಬೋರ್ಡಿನ ಮೇಲೆ ಬರೆದು ಮುಗಿಸದೆ ಪ್ರತಿ ವಿದ್ಯಾರ್ಥಿಯ ಕೈಯಿಂದ ಕಟ್ಟಿಸಬೇಕು. ಬೇಸಿನ ವೋಲ್ಟೇಜನ್ನು ತಾನೇ ಅಳೆದು ನೋಡಿದ ವಿದ್ಯಾರ್ಥಿಗೆ ಎಲೆಕ್ಟ್ರಾನಿಕ್ಸ್ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.