ಬರ್ಲಿನ್ ರಕ್ಷಣೆ

ಚದುರಂಗದಲ್ಲಿ ಗೆಲವಿಗೆ ದೊರೆಯುವ ಗೌರವ ಸಮವಾಗಿ ಮುಗಿದ ಆಟಕ್ಕೆ ದೊರೆಯುವುದಿಲ್ಲ. ಇಬ್ಬರೂ ದಣಿದು ಕೈಬಿಟ್ಟರೆಂದೇ ಜನರು ಭಾವಿಸುತ್ತಾರೆ. ಆದರೆ ಎದುರಾಳಿಯು ಗೆಲ್ಲಲಾರದಂತೆ ತಡೆದು ನಿಲ್ಲಿಸುವುದೂ ಒಂದು ವಿದ್ಯೆಯೇ ಅಲ್ಲವೆ? ಇದಕ್ಕೆ ನಿದರ್ಶನವಾಗಿ, 2000ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಲಂಡನ್ ನಗರದಲ್ಲಿ ಆರಂಭವಾದ ಜಗಜ್ಜೇತೃ ಪಂದ್ಯದ ಮೊದಲನೆಯ ಆಟವನ್ನು ನಾವು ಪರಿಶೀಲಿಸೋಣ.

ಬಿಳಿಯ ಕಾಯಿಗಳು 1985ರಿಂದ ಜಗಜ್ಜೇತರಾಗಿದ್ದ ಗ್ಯಾರಿ ಕ್ಯಾಸ್ಪರೋವ್ ಅವರವು. ಕರಿಯ ಕಾಯಿಗಳು ವ್ಲಾದಿಮಿರ್ ಕ್ರಾಮ್ನಿಕ್ ಅವರವು. ಎರಡು ಪಕ್ಷದ ರಾಜರ ಕಾಲಾಳುಗಳೂ ಎರಡೆರಡು ಮನೆ ನಡೆದು ಎದುರುಬದುರಾಗಿ ನಿಂತವು. ಬಿಳಿಯ ಕುದುರೆಯು ಕರಿಯ ಕಾಲಾಳಿನ ಮೇಲೆ ಕಣ್ಣಿಟ್ಟಿತು. ಅದನ್ನು ಕಾಯಲು ಕರಿಯ ಕುದುರೆಯೊಂದು ಬಂದಿತು. ಒಡನೆಯೇ ಬಿಳಿಯ ಒಂಟೆಯು ಆ ಕಾವಲು ಕುದುರೆಗೆ ಗುರಿಯಿಟ್ಟಿತು. ಇದು 16ನೆಯ ಶತಮಾನದ ಸ್ಪೇನ್ ದೇಶದ ಪಾದ್ರಿ ರೂಯ್ ಲೋಪೆಜನ ಹೆಸರನ್ನು ಹೊತ್ತ ಆರಂಭ. ಇದಕ್ಕೆ ಪ್ರತಿಯಾಗಿ, ತನ್ನ ಎರಡನೆಯ ಕುದುರೆಯನ್ನು ಹೊರತಂದು ಬಿಳಿಯ ಕಾಲಾಳನ್ನೇ ಕೆಣಕುವ ಕ್ರಮಕ್ಕೆ ಬರ್ಲಿನ್ ರಕ್ಷಣೆಯೆಂದು ಹೆಸರು. 19ನೆಯ ಶತಮಾನದಲ್ಲಿಯೇ ಇದು ಬಳಕೆಯಲ್ಲಿತ್ತು.

8 ನಡೆಗಳು ಮುಗಿಯುವಷ್ಟರಲ್ಲಿ ಉಭಯಪಕ್ಷದ ಮಂತ್ರಿಗಳೂ ಹಲಗೆಯಿಂದ ಮರೆಯಾಗಿದ್ದವು. ಮೇಲುನೋಟಕ್ಕೆ ಕರಿಯ ಪಕ್ಷದ್ದೇ ನಷ್ಟ. ಅದರ ರಾಜನು ಕೋಟೆ ಕಟ್ಟುವ ಹಕ್ಕನ್ನು ಕಳೆದುಕೊಂಡಿದ್ದಾನೆ; ಎರಡು ಕಾಲಾಳುಗಳು ಒಂದರ ಹಿಂದೊಂದಾಗಿ ಸಿಕ್ಕಿಬಿದ್ದಿವೆ. ಉಳಿದ ಬಲವೆಲ್ಲ ಅಳಿದು ರಾಜರೂ ಕಾಲಾಳುಗಳೂ ಮಾತ್ರ ಉಳಿದರೆ ಬಿಳಿಯದೇ ಮೇಲುಗೈ. ಹಾಗಾದರೆ ಈ ದಾರಿಯನ್ನು ಹಿಡಿದುದೇಕೆ? ಕರಿಯನ ಒಂಟೆಗಳೆರಡೂ ಉಳಿದಿವೆ. ಅವನ ಪಾಳೆಯದಲ್ಲಿ ಶತ್ರುವು ನುಗ್ಗುವ ಬಿರುಕಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಬೇರೊಂದು. ಕ್ಯಾಸ್ಪರೋವ್ ಅವರ ಪ್ರತಾಪವೆಲ್ಲ ರಭಸದ ಆಕ್ರಮಣದಲ್ಲಿ. ಮಂತ್ರಿಯಿಲ್ಲದ ರಣರಂಗದಲ್ಲಿ ಅದಕ್ಕೆ ಅವಕಾಶ ಬಹಳ ಕಡಮೆ. ಕರಿಯ ರಾಜನು ನಿಧಾನವಾಗಿ ಪಕ್ಕದ ಮನೆಗಳಿಗೆ ಸರಿದು ನೆಲೆಗೊಂಡನು. 25ನೆಯ ನಡೆಯಲ್ಲಿ ಆಟವು ಸಮವೆಂದು ಮುಗಿಯಿತು.

3, 9 ಮತ್ತು 13ನೆಯ ಆಟಗಳಲ್ಲಿಯೂ ಇದೇ ರಕ್ಷಣೆ, ಇದೇ ಫಲ. ಕರಿಯ ಕಾಯಿಗಳಿಂದ ಹೀಗೆ ಸೋಲನ್ನು ತಡೆದ ಕ್ರಾಮ್ನಿಕ್, ಬಿಳಿಯ ಕಾಯಿಗಳು ಕೈಗೆ ಬಂದಾಗ 2 ಮತ್ತು 10ನೆಯ ಆಟಗಳನ್ನು ಗೆದ್ದರು. ಉಳಿದ 13 ಆಟಗಳೂ ಸಮವಾದವು. 8½ಕ್ಕೆ 6½ರಂತೆ ಪಂದ್ಯ ಮುಗಿಯಿತು. ಒಂದು ಆಟವನ್ನೂ ಗೆಲ್ಲದೆ ಕ್ಯಾಸ್ಪರೋವ್ ಪದವಿಯನ್ನು ಬಿಟ್ಟುಕೊಡಬೇಕಾಯಿತು. ಈ ರಕ್ಷಣೆಗೆ ‘ಬರ್ಲಿನ್ ಗೋಡೆ’ ಎಂಬ ಹೆಸರು ಪ್ರಸಿದ್ಧವಾಯಿತು.

ಸಮವಾದ ಆಟದಿಂದ ಇಬ್ಬರಿಗೂ ದೊರೆಯುವುದು ಅರ್ಧ ಅಂಕವೇ. ಆದರೆ ಆ ಅರ್ಧದ ಬೆಲೆ ಇಬ್ಬರಿಗೂ ಒಂದೇ ಅಲ್ಲವೆಂಬುದನ್ನು ಈ ಪಂದ್ಯದಿಂದ ನಾವು ತಿಳಿಯಬಹುದು.