ನಂದಿಕೂರಿನ ಆಕ್ಷೇಪಣೆ ದೆಹಲಿಗೆ ಹೋದ ಕಥೆ

ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ನಿಗದಿ ಕಡತಗಳನ್ನು ಯಾರೂ ಇಷ್ಟಪಟ್ಟು ಓದುವುದಿಲ್ಲ. ಅಂಕಿಗಳು, ಕಲಮುಗಳು, ಕಂಪೆನಿಗಳ ಹೆಸರುಗಳು ಮುಗಿಯುವುದೇ ಇಲ್ಲ. ಆದರೆ ಉಡುಪಿ ಪವರ್ ಕಾರ್ಪೊರೇಷನ್ನಿನ ದರದ ವಿಚಾರಣೆಗಳಲ್ಲಿ ಬೆಸ್ಕಾಂ, ಮೆಸ್ಕಾಂ, ಪಂಜಾಬಿನ ವಿದ್ಯುತ್ ನಿಗಮದಂಥ ದೊಡ್ಡ ಕಕ್ಷಿದಾರರ ನಡುವೆ ನಂದಿಕೂರಿನ ಜನಜಾಗೃತಿ ಸಮಿತಿಯ ಹೆಸರೂ ಕಾಣಿಸುತ್ತದೆ. ಇಂದಿನ ಕಾಪು ತಾಲ್ಲೂಕಿನ ಹಳ್ಳಿಯೊಂದರ ಜನ ದೆಹಲಿಯಲ್ಲಿ ವಕೀಲರನ್ನು ನಿಲ್ಲಿಸಿ, ಯೂನಿಟ್ಟಿಗೆ ಎಷ್ಟು ಎಂಬ ಲೆಕ್ಕದಲ್ಲಿ ತಮ್ಮ ಮಾತನ್ನೂ ಸೇರಿಸಲು ಹೋದರು. ಆ ಕೆಲಸ ಚುನಾಯಿತ ಸ್ಥಳೀಯ ಸಂಸ್ಥೆಗಳದಾಗಬೇಕಿತ್ತು. ದರ ಏರುವ ಮುನ್ನ ಅದನ್ನು ಒಪ್ಪಬೇಕೋ ಬೇಡವೋ ಎಂದು ಉಡುಪಿ ನಗರಸಭೆ, ಕಾರ್ಕಳ ಮತ್ತು ಕಾಪು ಪುರಸಭೆಗಳು ತಮ್ಮ ಸಭೆಯಲ್ಲೇ ಚರ್ಚಿಸಿ ನಿರ್ಣಯ ಮಾಡಬೇಕು. ಈ ಲೇಖನದ ವಾದ ಇಷ್ಟೇ.

ಎಲ್ಲೂರಿನಲ್ಲಿರುವ ಈ ಕಂಪೆನಿಯ ಕಲ್ಲಿದ್ದಲು ಸ್ಥಾವರದ ದರ ದೆಹಲಿಗೆ ಹೋದ ಬಗೆಯೇ ವಿಚಿತ್ರ. ಪಡುಬಿದ್ರಿ–ನಂದಿಕೂರು ಪರಿಸರದ ಮೇಲೆ ಮೊದಲು ಕಣ್ಣಿಟ್ಟದ್ದು ಅಮೆರಿಕದ ಕೊಜೆಂಟ್ರಿಕ್ಸ್. ಉದಾರೀಕರಣದ ಹೊಸದರಲ್ಲಿ ಕೇಂದ್ರ ಸರ್ಕಾರ ಅವಸರದಿಂದ ಆರಿಸಿದ ಎಂಟು ಖಾಸಗಿ ವಿದ್ಯುತ್ ಯೋಜನೆಗಳಲ್ಲಿ ಅದೂ ಒಂದು. ಮೊಕದ್ದಮೆ, ವಿರೋಧಗಳ ನಡುವೆ ಆ ಕಂಪೆನಿ 1999ರ ಡಿಸೆಂಬರಿನಲ್ಲಿ ಕೈಬಿಟ್ಟು ಹೋಯಿತು. ಆಮೇಲೆ ನಾಗಾರ್ಜುನ ಬಂತು, ಅದು ಲ್ಯಾಂಕೊ ಕೈಸೇರಿತು, 2015ರಲ್ಲಿ ಅದಾನಿಯ ಪಾಲಾಯಿತು. ಮಾಲೀಕರು ಬದಲಾದರೂ ಖರೀದಿ ಒಪ್ಪಂದ ಉಳಿಯಿತು. 2005ರ ಡಿಸೆಂಬರಿನಲ್ಲಿ ರಾಜ್ಯದ ಎಸ್ಕಾಂಗಳು ಅದಕ್ಕೆ ಸಹಿ ಹಾಕಿದ್ದವು. ಶೇ 90ರಷ್ಟು ವಿದ್ಯುತ್ ಕರ್ನಾಟಕಕ್ಕೆ. ಉಳಿದ ಶೇ 10 ಪಂಜಾಬಿಗೆ ಎಂದು ಮರುವರ್ಷ ಇನ್ನೊಂದು ಒಪ್ಪಂದವಾಯಿತು. ಈ ಹತ್ತನೇ ಒಂದು ಪಾಲೇ ಮುಂದಿನದನ್ನೆಲ್ಲ ತೀರ್ಮಾನಿಸಿತು. ಒಂದಕ್ಕಿಂತ ಹೆಚ್ಚು ರಾಜ್ಯಗಳಿಗೆ ಮಾರುವ ಸ್ಥಾವರದ ದರವನ್ನು 2003ರ ವಿದ್ಯುಚ್ಛಕ್ತಿ ಕಾಯ್ದೆ ಕೇಂದ್ರ ಆಯೋಗಕ್ಕೆ ಒಪ್ಪಿಸುತ್ತದೆ. ಬೂದಿ ಬೀಳುವುದು ಎಲ್ಲೂರಿನಲ್ಲಿ, ಬಿಲ್ಲು ಕಟ್ಟುವವರಲ್ಲಿ ಹೆಚ್ಚಿನವರು ಕರ್ನಾಟಕದವರು, ಆದರೂ ದರದ ವಾದ ಬೆಂಗಳೂರಿನ ರಾಜ್ಯ ಆಯೋಗವನ್ನು ದಾಟಿ ಮೇಲೆ ಹೋಯಿತು.

600 ಮೆಗಾವಾಟ್‌ನ ಎರಡು ಘಟಕಗಳು 2010 ಮತ್ತು 2012ರಲ್ಲಿ ಉತ್ಪಾದನೆ ಆರಂಭಿಸಿದವು. ದರದಲ್ಲಿ ಎರಡು ಭಾಗಗಳಿವೆ. ನವಮಂಗಳೂರು ಬಂದರಿನಲ್ಲಿ ಇಳಿಯುವ ವಿದೇಶಿ ಕಲ್ಲಿದ್ದಲಿನ ಬೆಲೆ ಒಂದು, ಸ್ಥಾವರ ಕಟ್ಟಲು ಆದ ಖರ್ಚನ್ನು ವರ್ಷ ವರ್ಷವೂ ವಸೂಲು ಮಾಡುವ ಸ್ಥಿರ ವೆಚ್ಚ ಇನ್ನೊಂದು. ಮಳೆಗಾಲದಲ್ಲಿ ಜಲವಿದ್ಯುತ್ ಸಾಕಷ್ಟಿದ್ದು ಇಲ್ಲಿಂದ ವಿದ್ಯುತ್ ಕೊಳ್ಳದಿದ್ದರೂ, ಸ್ಥಾವರ ಸಿದ್ಧವಾಗಿದೆ ಎಂದರೆ ಸ್ಥಿರ ವೆಚ್ಚ ತೆರಲೇಬೇಕು. ಹಾಗಾಗಿ ಯೋಜನಾ ವೆಚ್ಚ ಎಷ್ಟೆಂದು ಆಯೋಗ ಒಪ್ಪುವ ದಿನವೇ ಒಂದು ತಲೆಮಾರಿನ ಬಿಲ್ಲು ನಿರ್ಧಾರವಾಗಿಬಿಡುತ್ತದೆ. ಬಿಲ್ಲಿನಲ್ಲಿ ಕಾಣದ ಬಾಬತ್ತುಗಳೂ ಇವೆ. ಹಾರುಬೂದಿ, ಉಪ್ಪಾದ ಬಾವಿಗಳು, ಶಂಕರಪುರ ಮಲ್ಲಿಗೆಯ ಬೆಳೆಗಾರರ ಅಳಲು, ಹೈಟೆನ್ಶನ್ ತಂತಿ ಹಾಯುವಲ್ಲಿ ಕಾರ್ಕಳ ತಾಲ್ಲೂಕಿನ ಇನ್ನಾದ ಕೃಷಿಕರ ಪ್ರತಿಭಟನೆ. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಂಪೆನಿಗೆ ಸುಮಾರು ₹52 ಕೋಟಿ ಪರಿಸರ ಪರಿಹಾರ ವಿಧಿಸಿತು. ಆ ಹಾದಿಯಲ್ಲೂ ಮುಂದೆ ನಿಂತದ್ದು ಅದೇ ಜನಜಾಗೃತಿ ಸಮಿತಿ. ಸ್ವಂತ ದುಡ್ಡು, ಸ್ವಂತ ಸಮಯ ಹಾಕಿ ಹಳ್ಳಿಯವರು ಇಷ್ಟು ಮಾಡಬಲ್ಲರಾದರೆ, ತೆರಿಗೆ ಪಡೆದು ನಡೆಯುವ ಸಂಸ್ಥೆಗಳು ಏಕೆ ಮಾಡಬಾರದು?

ಅವುಗಳಿಗೆ ಆ ಹಕ್ಕು ಇದ್ದೇ ಇದೆ. ಈ ಜಿಲ್ಲೆಗೆ ವಿದ್ಯುತ್ ಹಂಚುವ ಮೆಸ್ಕಾಂ ದರ ಏರಿಕೆ ಕೋರಿದಾಗ ಅರ್ಜಿಯ ಸಾರಾಂಶ ಪತ್ರಿಕೆಗಳಲ್ಲಿ ಪ್ರಕಟವಾಗಬೇಕು. ಬಂದ ಆಕ್ಷೇಪಣೆಗಳನ್ನು ಪರಿಗಣಿಸಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 120 ದಿನಗಳೊಳಗೆ ತೀರ್ಪು ಕೊಡಬೇಕು. ಬೀದಿದೀಪಕ್ಕೂ ಕುಡಿಯುವ ನೀರಿನ ಪಂಪಿಗೂ ವಿದ್ಯುತ್ ಕೊಳ್ಳುವ ನಗರಸಭೆ ಸ್ವತಃ ದೊಡ್ಡ ಗ್ರಾಹಕ. ಬಜೆಯಿಂದ ಸ್ವರ್ಣೆಯ ನೀರೆತ್ತಿ ಉಡುಪಿ, ಮಣಿಪಾಲಕ್ಕೆ ಕೊಡುವ ವೆಚ್ಚದಲ್ಲಿ ವಿದ್ಯುತ್ ದರ ನೇರವಾಗಿ ಸೇರಿದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ದೇಶಕ್ಕಿಂತ ಎಷ್ಟೋ ಮೊದಲು, ವಿ.ಎಸ್. ಆಚಾರ್ಯರು ಅಧ್ಯಕ್ಷರಾಗಿದ್ದ ಕಾಲದಲ್ಲಿ ನಿಲ್ಲಿಸಿದ ಪುರಸಭೆ ಉಡುಪಿಯದು. ಕಷ್ಟದ ನಿರ್ಧಾರಗಳಿಗೆ ಅಂಜದ ಆ ಸಭಾಂಗಣದ ಪರಂಪರೆ ಗಟಾರ, ದಾರಿದೀಪಗಳ ಚರ್ಚೆಗೆ ಕುಗ್ಗಬೇಕಾಗಿಲ್ಲ.

ಸದಸ್ಯರಿಗೆ ಇಷ್ಟು ತಾಂತ್ರಿಕ ಲೆಕ್ಕ ತಿಳಿಯದು, ಮತಕ್ಕಾಗಿ ಯಾವ ಏರಿಕೆಯನ್ನೂ ಒಪ್ಪಲಾರರು ಎಂಬ ಆಕ್ಷೇಪ ಬರುತ್ತದೆ. ಟೆಕ್ಸಾಸಿನ ಅನುಭವ ಬೇರೆ. ಅಲ್ಲಿ ನಗರದ ಗಡಿಯೊಳಗಿನ ನೈಸರ್ಗಿಕ ಅನಿಲದ ದರದ ಮೇಲೆ ಮೊದಲ ಅಧಿಕಾರ ಆ ನಗರದ್ದೇ. ಅನಿಲ ಕಂಪೆನಿ ಅಟ್ಮೋಸ್ ಎನರ್ಜಿ ಏರಿಕೆ ಕೇಳಿದಾಗ ಹಲವು ನಗರಗಳು ಒಕ್ಕೂಟ ಕಟ್ಟಿಕೊಂಡು ತಜ್ಞರಿಂದ ಲೆಕ್ಕ ತಪಾಸಣೆ ಮಾಡಿಸುತ್ತವೆ, ಚೌಕಾಸಿ ಮಾಡಿ ಮೊತ್ತ ಇಳಿಸುತ್ತವೆ, ಕೊನೆಗೆ ಒಂದೊಂದು ನಗರವೂ ಅದನ್ನು ಮತಕ್ಕೆ ಹಾಕುತ್ತದೆ. ಹೆಚ್ಚಿನವು ಒಪ್ಪುತ್ತವೆ, ಏಕೆಂದರೆ ಲೆಕ್ಕ ಅವುಗಳ ಕಣ್ಣೆದುರಿಗಿದೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತವಾಗಿರುವಾಗ ದರದ ಗೊಡವೆ ಏಕೆ ಎಂಬ ಮಾತೂ ಇದೆ. ಮಲ್ಪೆಯ ಐಸ್ ಪ್ಲಾಂಟ್, ಕಾರ್ಕಳದ ಗೇರುಬೀಜ ಕಾರ್ಖಾನೆ, ಉಡುಪಿಯ ಹೋಟೆಲುಗಳಿಗೆ ಆ ಉಚಿತವಿಲ್ಲ. ಮನೆಗಳ ಬಿಲ್ಲನ್ನು ಖಜಾನೆ ಕಟ್ಟಿದರೂ ಹಣ ನಮ್ಮದೇ. ರಾಜ್ಯಕ್ಕೆಲ್ಲ ಒಂದೇ ದರವಿರುವಾಗ ಒಂದು ಊರಿನ ನಿರ್ಣಯಕ್ಕೆ ಬೆಲೆಯೇನು ಎಂಬ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಆದರೆ ಸೋರಿಕೆ ಕಡಿಮೆ ಇರುವ ಕಂಪೆನಿಗಳ ಸಾಲಿನಲ್ಲಿ ಮೆಸ್ಕಾಂ ಇದೆ. ಬೇರೆಡೆಯ ನಷ್ಟದ ಭಾರ ಎಷ್ಟು ಇಲ್ಲಿ ಬೀಳುತ್ತಿದೆ ಎಂದು ಅಂಕಿ ಸಹಿತ ಕೇಳಲು ಈ ಜಿಲ್ಲೆಯ ಸಂಸ್ಥೆಗಳಿಗಿಂತ ಅರ್ಹರು ಯಾರಿದ್ದಾರೆ?

ವಿದ್ಯುತ್ತಿಗಾದರೂ ಅಹವಾಲು ಹೇಳಿಕೊಳ್ಳುವ ಸಭೆ ಇದೆ, ಪೈಪಿನಲ್ಲಿ ಬರುವ ಅನಿಲಕ್ಕೆ ಅದೂ ಇಲ್ಲ. ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಉಡುಪಿ ಜಿಲ್ಲೆಯಲ್ಲಿ ಮನೆಮನೆಗೆ ಅನಿಲ ಹಂಚುವ ಪರವಾನಗಿ 2018ರ ಸುತ್ತಿನಲ್ಲೇ ಖಾಸಗಿ ಕಂಪೆನಿಗೆ ಹೋಗಿದೆ. 2006ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಕಾಯ್ದೆ ಕೊಳವೆಯ ಸಾಗಣೆ ಶುಲ್ಕದ ಮೇಲೆ ಮಂಡಳಿಗೆ ಅಧಿಕಾರ ಕೊಟ್ಟಿದೆ. ಅಡುಗೆಮನೆಯಲ್ಲಿ ತೆರುವ ಕೊನೆಯ ದರವನ್ನು ಹೇಳುವುದು ಕಂಪೆನಿ. ಆ ದರ ಏರುವಾಗ ಆಕ್ಷೇಪಣೆ ಆಲಿಸುವ ಪೀಠವೊಂದು ಬೇಕೆಂದು ಸಂಸತ್ತನ್ನು ಒತ್ತಾಯಿಸುವ ಮೊದಲ ನಿರ್ಣಯ ಉಡುಪಿ ನಗರಸಭೆಯಿಂದಲೇ ಬರಲಿ, ಮಣಿಪಾಲದ ವಾರ್ಡುಗಳ ಸದಸ್ಯರು ಅದನ್ನು ಮಂಡಿಸಲಿ.